ಬೆಳ್ಳುಳ್ಳಿ ಸುಲಿಯುವಾಗ ಆಡಿದ ಮಾತು

"ನೋಡು, ಆ ಹೆಂಗಸು ಬಂದು ಏನೇನೋ ಕೇಳ್ತಾಳೆ. 'ನನ್ನ ಮಗ ಬಂಗಾರದಂಥೋನು, ಒಂದು ಇರುವೆ ಕೂಡ ತುಳಿದೋನಲ್ಲ' ಅನ್ನು, ಬಾಯಿ ಮುಚ್ಕೊಂಡು ಕೂತ್ಕೋ. ನಿನ್ನ ಪಾಠ ಶುರು ಮಾಡ್ಬೇಡ," ಎಂದು ಪಿಲ್‌ಸು ಹಿಟ್ಟು ನಾದುತ್ತಲೇ ಹೆಂಡತಿಗೆ ತಾಕೀತು ಮಾಡಿದ.

"ತುಳಿದಿದಾನೆ. ನಾನೇ ನೋಡಿದೀನಿ," ಎಂದಳು ಮಿರಾನ್.

"ಅಯ್ಯೋ ನಿನ್ನ!" ಎನ್ನುತ್ತ ಅವನು ಹಿಟ್ಟಿನ ಉಂಡೆಯನ್ನು ಹಲಗೆಯ ಮೇಲೆ ಎತ್ತಿ ಕುಕ್ಕಿದ.

ದೇಜನ್ ನಗರದಲ್ಲಿ, ಸೈನ್ಯದ ತರಬೇತಿ ಶಾಲೆಗಳಿಗೆ ಹೋಗುವ ರಸ್ತೆಯಲ್ಲಿ ಪಿಲ್‌ಸುವಿನ ನೂಡಲ್ಸ್ ಅಂಗಡಿ. ಗಂಡ ಒಂದು ದಿನವೂ ಊರು ಬಿಟ್ಟವನಲ್ಲ. ಹೆಂಡತಿ ಅರ್ಧ ಆಯುಷ್ಯವನ್ನು ಯುದ್ಧ ನಡೆಯುವ ದೇಶಗಳಲ್ಲೇ ಕಳೆದವಳು. ಪರಿಹಾರ ಸಂಸ್ಥೆಯೊಂದರ ಪರವಾಗಿ ಅಕ್ಕಿ, ಕಂಬಳಿ ಹಂಚಿದ್ದಳು. ಅದಕ್ಕಿಂತ ಹೆಚ್ಚಾಗಿ ಜೈಲುಗಳಿಗೆ ಹೋಗಿ, ಸೆರೆಯಾಳುಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಅವರ ಮಾತು ಕೇಳಿದ್ದಳು. ಆ ಕೆಲಸದಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಕಂಡೆ ಎನ್ನಬೇಕು. ಗುಟ್ಟಾಗಿ ಹೇಳಿದ್ದನ್ನು ಸತ್ತರೂ ಹೊರಗೆ ಬಾಯಿ ಬಿಡಬಾರದು. ಬಿಟ್ಟರೆ ಮುಂದಿನ ಸಲ ಜೈಲಿನ ಬಾಗಿಲು ತೆರೆಯುವುದಿಲ್ಲ, ಒಳಗಿರುವವನನ್ನು ದೇವರೇ ಕಾಯಬೇಕು.

ಮಂಡಿ ಕೈಕೊಟ್ಟ ಮೇಲೆ ಊರಿಗೆ ಮರಳಿದ ಮಿರಾನ್ ಸೈನ್ಯದ ಅಧಿಕಾರಿಗಳಿಗೆ ಯುದ್ಧದ ಕಾನೂನು ಕಲಿಸತೊಡಗಿದಳು. ಶರಣಾದವನನ್ನು ಹೊಡೆಯಬಾರದು. ಗಾಯಗೊಂಡವನು ಯಾರ ಕಡೆಯವನಾದರೂ ಎತ್ತಿಕೊಂಡು ಬರಬೇಕು. ತಪ್ಪು ಹುಕುಂ ಬಂದರೆ "ಆಗುವುದಿಲ್ಲ" ಎನ್ನಬೇಕು.

ಈ "ಆಗುವುದಿಲ್ಲ"ವನ್ನು ಅಧಿಕಾರಿಗಳು ಎಷ್ಟು ಕಲಿತರೋ ಗೊತ್ತಿಲ್ಲ, ಮಗ ಮಾತ್ರ ಚೆನ್ನಾಗಿ ಕಲಿತ. ಪ್ರಾಯಕ್ಕೆ ಬಂದ ಗಂಡುಮಕ್ಕಳಿಗೆಲ್ಲ ಕಡ್ಡಾಯವಾದ ಸೈನ್ಯದ ಕರೆ ಬಂದಾಗ ಗ್ಯೂಬಿನ್, ಬಂದೂಕು ಹಿಡಿಯಲು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ, ಅದರ ಬದಲು ಕಾನೂನಿನಲ್ಲಿ ಅವಕಾಶವಿರುವಂತೆ ಮೂರು ವರ್ಷ ಜೈಲಿನಲ್ಲಿದ್ದುಕೊಂಡು ಅಲ್ಲಿಯ ಕೆಲಸ ಮಾಡುತ್ತೇನೆ ಎಂದು ಅರ್ಜಿ ಹಾಕಿದ. ಇಂಥ ಅರ್ಜಿಗಳನ್ನು ನೋಡುವ ಸಮಿತಿ ಒಪ್ಪಿದರೆ ಸರಿ. ಒಪ್ಪದಿದ್ದರೆ ಒಂದೋ ಸಮವಸ್ತ್ರ ತೊಡಬೇಕು, ಇಲ್ಲವೇ ಕೈದಿಯಾಗಿಯೇ ಜೈಲಿಗೆ ಹೋಗಬೇಕು. ಹುಡುಗನ ಮಾತು ನಿಜವೋ ನಾಟಕವೋ ಎಂದು ಮನೆಯವರನ್ನು ವಿಚಾರಿಸಲು ಸಮಿತಿ ಕಳಿಸಿದ ತನಿಖೆಯ ಹೆಂಗಸು ಆವತ್ತು ಮಧ್ಯಾಹ್ನ ಬರುವವಳಿದ್ದಳು.

ಮಿರಾನ್‌ಗಂತೂ ತಲೆಬುಡ ತಿಳಿಯದಾಗಿತ್ತು. ಹಿಂದಿನ ದಿನವಷ್ಟೇ ತರಗತಿಯಲ್ಲಿ ಕ್ಯಾಪ್ಟನ್ ತಾಕ್ ಎದ್ದು ನಿಂತಿದ್ದ. ಒಳ್ಳೆಯ ಹುಡುಗ, ಪಿಲ್‌ಸುವಿನ ಅಂಗಡಿಯಲ್ಲಿ ಎರಡೆರಡು ಬಟ್ಟಲು ಹೊಡೆಯುವವನು.

"ಮೇಡಂ, ತಪ್ಪು ತಿಳ್ಕೋಬೇಡಿ. ಆಗಲ್ಲ ಅನ್ನೋ ಧೈರ್ಯ ಇರೋರೆಲ್ಲ ಸೈನ್ಯಕ್ಕೇ ಬರಲ್ಲ ಅಂದ್ರೆ, ನಾಳೆ ನನ್ನ ಪಕ್ಕ ನಿಲ್ಲೋರು ಯಾರು? ಎಲ್ಲದಕ್ಕೂ ಹೂಂ ಅನ್ನೋರೇ ತಾನೆ?"

"ಒಳ್ಳೇ ಪ್ರಶ್ನೆ," ಎಂದಿದ್ದಳು ಮಿರಾನ್. ಉತ್ತರ ಗೊತ್ತಿಲ್ಲದ ಮೇಷ್ಟರುಗಳೆಲ್ಲ ಅನ್ನುವುದೇ ಅದನ್ನು. ಅವನು ಹೇಳಿದ್ದು ಸರಿ. ಮಗ ಹೇಳುವುದೂ ಸರಿ. ಎರಡೂ ಅವಳೇ ಕಲಿಸಿದ ಪಾಠ. ಇನ್ನು ಅವಳು ಯಾರಿಗೆ ತಪ್ಪು ಎನ್ನಬೇಕು?

ಅದೂ ಹಾಗಿರಲಿ. ಎದೆಯ ಮೇಲೆ ಕೂತಿದ್ದುದು ಬೇರೆಯೇ ಒಂದು ಮಾತು. ಚಳಿಗಾಲದ ಕಿಮ್ಚಿ, ಅಂದರೆ ಎಲೆಕೋಸಿನ ಉಪ್ಪಿನಕಾಯಿ, ಹಾಕುವ ಹೊತ್ತಿನಲ್ಲಿ ತಾಯಿ ಮಗ ಇಬ್ಬರೇ ಅಡುಗೆಮನೆಯ ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಗ್ಯೂಬಿನ್ ತಲೆ ತಗ್ಗಿಸಿಕೊಂಡೇ ಹೇಳಿದ:

"ಅಮ್ಮ, ಯಾರ ಹತ್ರಾನೂ ಹೇಳ್ಬೇಡ. ಇದು ಮನಸ್ಸಾಕ್ಷಿನೋ, ಬರೀ ಪುಕ್ಕಲುತನಾನೋ ನಂಗೇ ಗೊತ್ತಾಗ್ತಿಲ್ಲ. ಒಂದೊಂದ್ಸಲ ಸುಮ್ನೆ ಹೆದರಿಕೆ ಅನ್ಸುತ್ತೆ."

ಮಿರಾನ್ ಜೈಲುಗಳಲ್ಲಿ ಕೇಳುತ್ತಿದ್ದ ಹಾಗೆಯೇ ಕೇಳಿಸಿಕೊಂಡಳು. ತಲೆಯಾಡಿಸಲಿಲ್ಲ, ಹುಬ್ಬೇರಿಸಲಿಲ್ಲ, ಸಮಾಧಾನ ಹೇಳಲಿಲ್ಲ. ಅವನ ಮಾತು ಮುಗಿದ ಮೇಲೆ "ಇಷ್ಟು ಬೆಳ್ಳುಳ್ಳಿ ಸಾಕು" ಎಂದಳು. ಹುಡುಗ ಸ್ವಲ್ಪ ಹೊತ್ತು ಅವಳ ಮುಖವನ್ನೇ ನೋಡಿ ಎದ್ದು ಹೋದ.

ಊಟದ ಗಿರಾಕಿಗಳು ಖಾಲಿಯಾದ ಮೇಲೆ ತನಿಖೆಯ ಹೆಂಗಸು ಬಂದಳು. ಯೊಮ್ ಎಂದು ಹೆಸರು. ಮೂಗು ಕೆಂಪಗಾಗಿ ನೆಗಡಿಯಾಗಿತ್ತು, ಪಾಪ. ಪಿಲ್‌ಸು ಬಿಸಿ ಬಾರ್ಲಿ ನೀರು ತಂದಿಟ್ಟು ಅಡುಗೆಮನೆಯ ಪರದೆಯ ಹಿಂದೆ ಕಿವಿಯಾಗಿ ನಿಂತ. ಹುಡುಗ ಚಿಕ್ಕವನಿದ್ದಾಗ ಹೇಗಿದ್ದ? ಜಗಳಗಂಟನೇ? ಯುದ್ಧದ ಆಟ ಆಡುತ್ತಿದ್ದನೇ? ಮಿರಾನ್ ಎಲ್ಲಕ್ಕೂ ಸಲೀಸಾಗಿ ಉತ್ತರ ಕೊಟ್ಟಳು. ಇರುವೆಯ ವಿಷಯವನ್ನೂ ಹೇಳಿದಳು. ಯೊಮ್ ನಕ್ಕಳು.

"ಕೊನೇದೊಂದು. ಇದು ತನ್ನ ನಿಜವಾದ ನಂಬಿಕೆ ಹೌದೋ ಅಲ್ವೋ ಅಂತ ನಿಮ್ಮ ಮಗ ಯಾವತ್ತಾದ್ರೂ ಅನುಮಾನ ತೋರ್ಸಿದ್ನಾ?"

ಬೇರೆ ಯಾವ ತಾಯಿಯಾದರೂ "ಎಲ್ಲಿ ಬಂತು, ಇಲ್ಲಪ್ಪ" ಎಂದು ಇನ್ನೊಂದು ಲೋಟ ಬಗ್ಗಿಸಿ ಕೊಡುತ್ತಿದ್ದಳು. ಮಿರಾನ್‌ಳ ಬೆನ್ನು ತಾನಾಗಿ ನೆಟ್ಟಗಾಯಿತು. ಜನರಲ್‌ಗಳಿಗೆ, ಮಂತ್ರಿಗಳಿಗೆ, ಪತ್ರಿಕೆಯವರಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿದ್ದ ಮಾತು ಹೊರಗೆ ಬಂತು.

"ಖಾಸಗಿಯಾಗಿ ನನಗೆ ಹೇಳಿದ ಮಾತುಗಳ ಬಗ್ಗೆ ನಾನು ಏನೂ ಹೇಳಲಾರೆ."

ಅಡುಗೆಮನೆಯಲ್ಲಿ ಸೌಟು ಬಿದ್ದ ಸದ್ದಾಯಿತು. ಯೊಮ್ ಮೂಗು ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು.

"ಅಂದ್ರೆ, ಏನೋ ಹೇಳಿದಾನೆ."

"ಅದನ್ನೂ ಹೇಳಲಾರೆ."

ಆಗ ಮಿರಾನ್‌ಗೆ ತಾನು ಮಾಡಿದ್ದು ಹೊಳೆಯಿತು. ಆ ಮಾತನ್ನು ಎಲ್ಲ ಜೈಲುಗಳ ಬಗ್ಗೆಯೂ, ಎಲ್ಲ ಪ್ರಶ್ನೆಗಳಿಗೂ ಒಂದೇ ಥರ ಹೇಳಿದರೆ ಗುಟ್ಟು ಉಳಿಯುತ್ತದೆ. ಉಳಿದದ್ದಕ್ಕೆಲ್ಲ ಉತ್ತರ ಕೊಟ್ಟು ಒಂದಕ್ಕೆ ಮಾತ್ರ ಹೇಳಿದರೆ, ಗುಟ್ಟನ್ನು ತಟ್ಟೆಯಲ್ಲಿಟ್ಟು ಕೈಗೆ ಕೊಟ್ಟಂತೆ. ಸಂಸ್ಥೆಗೆ ಸೇರಿದ ಹೊಸಬರಿಗೆ ಮೊದಲ ದಿನವೇ ಅವಳು ಕಲಿಸುತ್ತಿದ್ದ ಪಾಠ ಅದು. ಯೊಮ್ ತಲೆ ಬಾಗಿಸಿ ವಂದಿಸಿ, ಬಾರ್ಲಿ ನೀರು ಚೆನ್ನಾಗಿತ್ತು ಎಂದು ಹೊರಟುಹೋದಳು.

ಪಿಲ್‌ಸು ಪರದೆ ಸರಿಸಿಕೊಂಡು ಬಂದ. "ಜನರಲ್‌ಗಳ ಮುಂದೆಲ್ಲ ಗುಟ್ಟು ಉಳಿಸ್ಕೊಂಡು ಬಂದೋಳು, ಹೆತ್ತ ಮಗನ್ನ ಒಂದು ಲೋಟ ಬಾರ್ಲಿ ನೀರಿಗೆ ಒಪ್ಪಿಸ್ಬಿಟ್ಯಲ್ಲೇ! 'ಇಲ್ಲ' ಅನ್ನೋಕೆ ನಿಂಗೇನಾಗಿತ್ತು ಧಾಡಿ?"

"ಸುಳ್ಳು ಹೇಳ್ಬೇಕಿತ್ತಾ?"

"ಹೇಳ್ಬೇಕಿತ್ತು! ತಾಯಿ ಅಂತ ಇನ್ನೇನಕ್ಕಿರೋದು?"

ಮಿರಾನ್‌ಗೆ ಗಂಡ ಹೇಳಿದ್ದು ಸರಿಯೆನಿಸಿತು, ತಾನು ಮಾಡಿದ್ದೂ ಸರಿಯೆನಿಸಿತು, ಮಗನ ಬದುಕಿಗೆ ಕಲ್ಲು ಹಾಕಿದ್ದು ಮಾತ್ರ ನಿಜವೆನಿಸಿತು. ಸಂಜೆ ಗ್ಯೂಬಿನ್ ಬಂದಾಗ ಒಂದಕ್ಷರ ಬಿಡದೆ ಎಲ್ಲವನ್ನೂ ವರದಿ ಒಪ್ಪಿಸಿದಳು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಹೋಗ್ಲಿ ಬಿಡಮ್ಮ. ಆದ್ರೆ ಒಂದು ಹೇಳು, ನಿಂಗೇನು ಅನ್ಸುತ್ತೆ? ಮನಸ್ಸಾಕ್ಷಿನಾ, ಹೆದರಿಕೆನಾ?"

"ನಂಗೆ ಅನ್ಸೋದು ಮುಖ್ಯ ಅಲ್ಲ, ಗ್ಯೂಬಿನ್."

"ನಂಗೆ ಅದೊಂದೇ ಮುಖ್ಯ."

ಅವಳು ಅವನ ಮುಂದೆ ಊಟದ ಬಟ್ಟಲು ಇಟ್ಟಳು. ಎದುರಿಗೆ ಕೂತವನು ಕೈದಿಯಾಗಿದ್ದರೆ ಏನು ಮಾಡಬೇಕೆಂದು ಗೊತ್ತಿತ್ತು. ಮಗನಾದರೆ ಏನು ಮಾಡಬೇಕೆಂದು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಸಮಿತಿಯ ಮುಂದೆ ಹೋಗಿಬಂದ ದಿನ ಗ್ಯೂಬಿನ್ ಅಂಗಡಿಯಲ್ಲೇ ಕೂತು ಎರಡು ಬಟ್ಟಲು ನೂಡಲ್ಸ್ ತಿಂದ. ತಿಂದಾದ ಮೇಲೆ ಹೇಳಿದ: "'ತಾಯಿ ಹತ್ರ ಏನು ಹೇಳಿದ್ದೆ?' ಅಂತ ಕೇಳಿದ್ರು. ಇದ್ದಿದ್ದು ಇದ್ದ ಹಾಗೆ ಹೇಳ್ಬಿಟ್ಟೆ. 'ಅದಕ್ಕೆ ಅವರೇನಂದ್ರು?' ಅಂದ್ರು. 'ಇಷ್ಟು ಬೆಳ್ಳುಳ್ಳಿ ಸಾಕು ಅಂದ್ರು' ಅಂದೆ. ಒಬ್ಬ ಮುದುಕಪ್ಪ ಕೆಮ್ಮೋ ತರ ನಕ್ಕ."

ಪಿಲ್‌ಸು ತಲೆಯ ಮೇಲೆ ಕೈ ಹೊತ್ತುಕೊಂಡ. ಆದರೆ ಸಮಿತಿ ಅರ್ಜಿಯನ್ನು ಒಪ್ಪಿತು. ಯಾಕೆ ಒಪ್ಪಿತೋ ಯಾರಿಗೂ ತಿಳಿಯಲಿಲ್ಲ. ಅನುಮಾನ ಒಪ್ಪಿಕೊಂಡದ್ದಕ್ಕೋ, ಬೆಳ್ಳುಳ್ಳಿಗೋ! ಕ್ಯಾಪ್ಟನ್ ತಾಕ್ ಅಂಗಡಿಗೆ ಬಂದು "ಒಳ್ಳೇದಾಯ್ತು ಮೇಡಂ" ಎಂದ, ಆದರೂ ಮುಖದಲ್ಲಿ ಮೊದಲಿನ ಪ್ರಶ್ನೆ ಹಾಗೆಯೇ ಇತ್ತು. ಮಿರಾನ್ ಅವನ ಬಟ್ಟಲಿಗೆ ಒಂದು ಸೌಟು ಜಾಸ್ತಿ ಹಾಕಿಸಿದಳು. ಅವನಿಗೆ ಕೊಡಲು ಅವಳ ಹತ್ತಿರ ಇದ್ದದ್ದು ಅಷ್ಟೇ.

ವಸಂತ ಬಂದಾಗ ಗಂಡ ಹೆಂಡತಿ ಜೈಲಿನ ಹೊರಬಾಗಿಲಿಗೆ ಹೋದರು. ಮಿರಾನ್ ಯಾವ ಯಾವ ದೇಶದ ಜೈಲುಗಳ ಒಳಗೋ ತಲೆಯೆತ್ತಿ ನಡೆದುಹೋಗಿದ್ದವಳು. ಇಲ್ಲಿ ಕಾವಲಿನವನು "ಇಲ್ಲಿಂದ ಮುಂದಕ್ಕೆ ಬಿಡಲ್ಲಮ್ಮ" ಎಂದು ಬೆಂಚು ತೋರಿಸಿದ. ಗ್ಯೂಬಿನ್ ಅಡುಗೆಯ ಏಪ್ರನ್‌ನಲ್ಲೇ ಹೊರಗೆ ಬಂದ. ಪಿಲ್‌ಸು ಚೆನ್ನಾಗಿ ಹುಳಿಬಂದ ಕಿಮ್ಚಿಯ ಡಬ್ಬಿ ಕೊಟ್ಟ, ಅದೇ ಚಳಿಗಾಲದ್ದು.

"ಮಲಗೋ ಕೋಣೇಲಿ ಎಷ್ಟು ಜನ? ಕಿಟಕಿ ಇದ್ಯಾ? ಹೊರಗೆ ಬಿಸಿಲಿಗೆ ಬಿಡ್ತಾರಾ?" ಎಂದು ಮಿರಾನ್ ಶುರು ಮಾಡಿದಳು.

"ಅಮ್ಮ, ನಾನು ಕೈದಿ ಅಲ್ಲ. ಕೈದಿಗಳಿಗೆ ಅನ್ನ ಬೇಯ್ಸೋನು."

ಅವಳು ಪೂರಾ ಬೇರೆ ದನಿಯಲ್ಲಿ ಕೇಳಿದಳು. "ಹೆದರಿಕೆ ಆಗುತ್ತಾ, ಕಂದ?"

ಗ್ಯೂಬಿನ್ ಬೆನ್ನು ನೆಟ್ಟಗೆ ಮಾಡಿ, ಮುಖ ಗಂಭೀರವಾಗಿಸಿ, "ಖಾಸಗಿ ಮಾತುಗಳ ಬಗ್ಗೆ ನಾನು ಏನೂ ಹೇಳಲಾರೆ" ಎಂದ. ಪಿಲ್‌ಸು ಹೊಟ್ಟೆ ಹಿಡಿದುಕೊಂಡು ನಕ್ಕ. ಕಾವಲಿನವನೂ ತಿರುಗಿ ನೋಡಿದ.

ಮಿರಾನ್ ನಗಲಿಲ್ಲ. "ಅವತ್ತು ನೀನು ಕೇಳಿದ್ಯಲ್ಲ," ಎಂದಳು, "ಅದು ಹೆದರಿಕೆನೋ ಮನಸ್ಸಾಕ್ಷಿನೋ ನಂಗೂ ಗೊತ್ತಿಲ್ಲ ಕಣೋ. ಆಗ್ಲೂ ಗೊತ್ತಿರ್ಲಿಲ್ಲ, ಈಗ್ಲೂ ಇಲ್ಲ. ಒಂದೊಂದು ಜೈಲಿನ ಬಾಗಿಲಲ್ಲೂ ನನ್ನ ಕಾಲು ನಡುಗ್ತಿತ್ತು. ನಾನು ಒಳಗೆ ಹೋಗ್ತಿದ್ದಿದ್ದು ಧೈರ್ಯಕ್ಕೋ, ವಾಪಸ್ ಹೋಗೋಕೆ ನಾಚಿಕೆ ಆಗಿ ಅಂತಲೋ, ಅದೂ ಗೊತ್ತಿಲ್ಲ."

ಗ್ಯೂಬಿನ್ ಕಿಮ್ಚಿಯ ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತ. ಅವನ ಕಣ್ಣು ಕೆಂಪಾಗಿತ್ತು.

"ಇಷ್ಟೇ ತಾನೆ?" ಎಂದ. "ಇಷ್ಟು ಹೇಳೋಕೆ ನಾನು ಜೈಲಿನ ತನಕ ಬರ್ಬೇಕಾಯ್ತಾ, ಅಮ್ಮ?"

ಅವಳು ಕೈ ಚಾಚಿ, ಅವನ ಏಪ್ರನ್‌ಗೆ ಅಂಟಿದ್ದ ಅನ್ನದ ಅಗುಳನ್ನು ತೆಗೆದಳು.