ಊರಿಗೆ ಸಿಕ್ಕ ವರ್ಗ

ಗಂಡನಿಗೆ ಮೈಸೂರಿಗೇ ವರ್ಗವಾಗಿದೆ ಎಂದು ತಿಳಿದ ದಿನ ಮಾಲಾ ಬೋಗಾದಿಯ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಒಬ್ಬಳೇ ನಿಂತು ಸಂತೋಷಕ್ಕೆ ಅತ್ತಿದ್ದಳು. ಮದುವೆಯಾದಾಗಿನಿಂದ ಅವಳು ಬೇಡಿಕೊಂಡಿದ್ದು ಅದೊಂದನ್ನೇ. ಅಶೋಕ ಸೈನ್ಯದ ವಿಶೇಷ ಪಡೆಯಲ್ಲಿ ಲೆಫ್ಟಿನೆಂಟ್ ಕರ್ನಲ್. ಎಲ್ಲಿಗೆ ಹೋಗುತ್ತಾನೆ, ಯಾವಾಗ ಬರುತ್ತಾನೆ ಎಂದು ಹೇಳುವಂತಿರಲಿಲ್ಲ. ಫೋನು ಬಂದರೆ ಬದುಕಿದ್ದಾನೆ ಎಂದರ್ಥ.

ಆದರೆ ಬಂದವನು ಮೊದಲಿನ ಅಶೋಕನಾಗಿರಲಿಲ್ಲ. ವರ್ಗದ ಕಾರಣವನ್ನು ಅವನು ಫೋನಿನಲ್ಲಿ ಹೇಳಿರಲಿಲ್ಲ. ಪ್ಯಾರಾಚೂಟಿನಲ್ಲಿ ಇಳಿಯುವಾಗ ಗಾಳಿಗೆ ಸಿಕ್ಕಿ ಬಂಡೆಯ ಮೇಲೆ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿತ್ತು. ಓಡಾಟಕ್ಕೆ ತೊಂದರೆಯಿರಲಿಲ್ಲ, ಆದರೆ ಇನ್ನು ವಿಮಾನದಿಂದ ಜಿಗಿಯಕೂಡದು ಎಂದು ವೈದ್ಯರು ಬರೆದುಬಿಟ್ಟಿದ್ದರು. ಜಿಗಿಯಲಾರದವನಿಗೆ ಆ ಪಡೆಯಲ್ಲಿ ಜಾಗವಿಲ್ಲ. ಮುಂದಿನ ವರ್ಷ ಬೆಟಾಲಿಯನ್ನಿನ ಮುಖ್ಯಸ್ಥನಾಗಬೇಕಿದ್ದವನಿಗೆ ಈಗ ಕಾಲೇಜು ಮಕ್ಕಳ ಎನ್‌ಸಿಸಿ ಕಚೇರಿ.

ಅತ್ತೆ ಸಾಕಮ್ಮ ಕೆಸರೆಯಿಂದ ಕೋಳಿಸಾರು ಮಾಡಿಕೊಂಡು ಆಟೋದಲ್ಲಿ ಬಂದರು. “ಯಾಕ್ಲಾ ಇಂಗೆ ಮಂಕಾಗಿ ಕುಂತಿದ್ದೀಯೆ? ಜೀವ ಉಳಿಸ್ಕೊಂಡು ಬಂದ್ಬುಟ್ಟೆ. ನಂಗಷ್ಟೇ ಸಾಕು ಮಗ.”

ಅಶೋಕ ನಕ್ಕು, ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಒಂದು ಭಾನುವಾರ ಶಿವಕಿರಣ್ ಫೋನ್ ಮಾಡಿದ. ಮಂಡ್ಯದವನು, ಅಶೋಕನ ಕೈಕೆಳಗೆ ಪಳಗಿದ ಅಧಿಕಾರಿ. ಬೆಟಾಲಿಯನ್ನನ್ನು ಅವನಿಗೆ ಒಪ್ಪಿಸುವುದೆಂದು ತೀರ್ಮಾನವಾಗಿತ್ತು. “ನಿಮ್ಮ ಜಾಗದಲ್ಲಿ ಕೂರೋಕೆ ಮನಸ್ಸೇ ಬರ್ತಿಲ್ಲ ಸರ್” ಎಂದ.

ಅಶೋಕ ಕುರ್ಚಿಯಿಂದ ಎದ್ದು ನಿಂತ. “ಹಂಗೆಲ್ಲ ಅನ್ಬಾರ್ದು ಕಣೋ. ನಿನಗಿಂತ ಒಳ್ಳೆಯವನು ಅವ್ರಿಗೆ ಸಿಕ್ತಿರ್ಲಿಲ್ಲ. ಹುಡುಗರನ್ನ ಚೆನ್ನಾಗಿ ನೋಡ್ಕೊ.”

ದನಿ ಗಟ್ಟಿಯಾಗಿಯೇ ಇತ್ತು. ಫೋನಿಟ್ಟ ಮೇಲೂ ಅವನು ಕೂರಲಿಲ್ಲ. ಗೋಡೆಗೆ ಕೈಯೂರಿ, ಬೆನ್ನು ತಿರುಗಿಸಿಕೊಂಡು ನಿಂತಿದ್ದ. ಭುಜಗಳು ಅದುರುತ್ತಿದ್ದವು. ಮಾಲಾ ಅವನು ಅಳುವುದನ್ನು ಕಂಡಿದ್ದು ಅದೇ ಮೊದಲು.

ಅವಳಿಗೆ ತಡೆಯಲಾಗಲಿಲ್ಲ. “ರೀ, ನೀವು ಆ ಕೆಲಸ ಬಿಟ್ಟು ಬರೋ ಹಾಗಾಗ್ಲಿ ಅಂತ ನಾನು ದಿನಾ ಬೇಡ್ಕೋತಿದ್ದೆ. ಹಿಂಗಾಗ್ಲಿ ಅಂತಲ್ಲ.”

“ಗೊತ್ತು.”

“ನನ್ಮೇಲೆ ಕೋಪ ಇಲ್ವಾ?”

“ಇಲ್ಲ ಕಣೆ.” ಅವಳ ಕಡೆ ತಿರುಗಿ, “ನಾನು ಬಂದಿದ್ದಕ್ಕೆ ನಿಂಗೆ ಖುಷಿಯಾಗಿದ್ರೆ ಮುಚ್ಚಿಡ್ಬೇಡ. ಮನೇಲಿ ಒಬ್ರಾದ್ರೂ ಖುಷಿಯಾಗಿರ್ಲಿ” ಎಂದ.

ಮುಚ್ಚಿಡಲು ಅವಳಲ್ಲಿ ಖುಷಿಯೇನೂ ಉಳಿದಿರಲಿಲ್ಲ.

ಈಗ ಅವನು ಕಚೇರಿ ಮುಗಿಸಿ ಬೆಳಕಿರುವಾಗಲೇ ಮನೆ ಸೇರುತ್ತಾನೆ. ಇಬ್ಬರೂ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಾರೆ. ಮಂಡಕಳ್ಳಿಯಲ್ಲಿ ಇಳಿಯುವ ವಿಮಾನದ ಸದ್ದು ಕೇಳಿದರೆ ಅವನು ಆಡುತ್ತಿದ್ದ ಮಾತು ಅರ್ಧಕ್ಕೇ ನಿಲ್ಲುತ್ತದೆ. ಸದ್ದು ಅಡಗುವ ತನಕ ಮಾಲಾ ತಲೆ ತಗ್ಗಿಸಿ ಕಾಯುತ್ತಾಳೆ.