ಎರಡನೇ ಬ್ರೇಕು

ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಅವಳು ಕಾರಿನ ಕೀಲಿಯನ್ನು ಸಕ್ಕರೆ ಡಬ್ಬಿಯೊಳಗೆ ಹೂತಿಟ್ಟಳು. ಚಮಚದ ಬೆನ್ನಿನಿಂದ ಮೇಲಿನ ಸಕ್ಕರೆ ಸಮ ಮಾಡಿ ಮುಚ್ಚಳ ಬಿಗಿದಳು. ನಲವತ್ತಾರು ವರ್ಷದ ಹೆಂಗಸು, ಅಂಚೆ ಕಚೇರಿಯ ಪಾರ್ಸೆಲ್ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತವಳು ಮಾಡುವ ಕೆಲಸವೇ ಇದು? ಅಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೆ ಹತ್ತು ಗಂಟೆಗೆ, ಸಿಟಿ ಬಸ್ ಓಡಿಸುವ ಆ ಬಸ್ಸಿನವಳು ಅಮ್ಮನ ಕಾರು ತೆಗೆದುಕೊಂಡು ಹೋಗಲು ಬರುವವಳಿದ್ದಳು. ಕೀಲಿ ಎಲ್ಲೋ ಕಳೆದಿದೆ, ಸಿಕ್ಕಿದ ಮೇಲೆ ಫೋನ್ ಮಾಡುತ್ತೇನೆ ಎಂದು ಹೇಳಿ ಸಾಗಹಾಕುವುದು ಇವಳ ಉಪಾಯ. ಕೀಲಿ ಸಿಗುವುದು ಯಾವಾಗ ಎಂದರೆ, ಈ ಜನ್ಮದಲ್ಲಿ ಇಲ್ಲ.

"ಸುಳ್ಳು ಹೇಳೋಕೆ ನಿಂಗೆ ಬರಲ್ಲ. ಮುಖದಲ್ಲೇ ಗೊತ್ತಾಗುತ್ತೆ," ಎಂದ ಗಂಡ, ಪೇಪರಿನಿಂದ ತಲೆ ಎತ್ತದೆ.

"ನಿಮ್ಮನ್ನ ಯಾರು ಕೇಳಿದ್ರು?"

ಗಂಡ ಪೇಪರಿನ ಇನ್ನೊಂದು ಹಾಳೆ ತಿರುವಿದ. ಬುದ್ಧಿವಂತ.

ಅಮ್ಮ ಹೋಗಿ ಮೂರು ತಿಂಗಳಾಗಿತ್ತು. ಆಸ್ಪತ್ರೆಯ ಮಂಚದ ಮೇಲೆ, ಮೂಗಿನಲ್ಲಿ ನಳಿಗೆ ಇದ್ದರೂ ಅಧಿಕಾರಕ್ಕೇನೂ ಕಮ್ಮಿಯಿಲ್ಲದೆ ಹೇಳಿದ್ದಳು: "ಮನೆ ನಿಂಗೆ. ಕಾರು ಆ ಬಸ್ಸಿನವಳಿಗೆ ಕೊಟ್ಬಿಡು. ನೀನಂತೂ ಅದನ್ನ ಮುಟ್ಟಲ್ಲ, ಅವಳಾದ್ರೆ ಡ್ರೈವಿಂಗ್ ಸ್ಕೂಲ್ ಮುಂದುವರಿಸ್ತಾಳೆ." ಮಗಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಒಳಗೆ ಮಾತ್ರ ಧಗಧಗ ಉರಿಯಿತು. ಮನೆಯಂತೆ ಮನೆ! ಯಾರಿಗೆ ಬೇಕಿತ್ತು ಈ ಮನೆ? ಅಮ್ಮ ಇಲ್ಲಿಗೆ ಮಲಗಲು ಬರುತ್ತಿದ್ದಳು, ಅಷ್ಟೆ. ಅವಳು ಬದುಕಿದ್ದು ಕಾರಿನಲ್ಲಿ.

ಅಪ್ಪ ಎನ್ನುವವನು ಇವಳಿಗೆ ಐದು ವರ್ಷವಾದಾಗ ಇನ್ನೊಬ್ಬಳ ಹಿಂದೆ ಹೋದ. ಬೀದಿಯವರು ಅಯ್ಯೋ ಪಾಪ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಗೇರು ಹಾಕುವುದು ಕಲಿತಿದ್ದಳು. ಆಗ ಅವಳು ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಅರ್ಜಿ ಟೈಪ್ ಮಾಡುವ ಕೆಲಸದಲ್ಲಿದ್ದಳು. ಮಧ್ಯಾಹ್ನ ಮಾಸ್ತರರು ಊಟಕ್ಕೆ ಹೋದಾಗ ಕಾರನ್ನು ಅಂಗಳದಲ್ಲೇ ಹಿಂದಕ್ಕೂ ಮುಂದಕ್ಕೂ ಓಡಿಸಿ ತಾನೇ ಕಲಿತಳು. ವರ್ಷದೊಳಗೆ ಆ ಸ್ಕೂಲು ಮುಚ್ಚಿತು. ಅವರ ಹಳೆಯ ಕಾರನ್ನು, ಕಲಿಸುವವರ ಕಡೆಗೂ ಒಂದು ಬ್ರೇಕು ಇದ್ದ ಕಾರನ್ನು, ಅಮ್ಮ ಮನೆ ಮುಂದೆ ತಂದು ನಿಲ್ಲಿಸಿ 'ಹೆಂಗಸರಿಗೆ ಮಾತ್ರ' ಎಂದು ಬೋರ್ಡು ಹಾಕಿದಳು. ಊರು ಮೂಗು ಮುರಿಯಿತು, ಕಾರಮ್ಮ ಎಂದು ಅಡ್ಡಹೆಸರಿಟ್ಟಿತು, ಆಮೇಲೆ ತನ್ನ ಸೊಸೆಯರನ್ನೂ ಹೆಣ್ಣುಮಕ್ಕಳನ್ನೂ ಒಬ್ಬೊಬ್ಬರಾಗಿ ಕಳಿಸಿತು.

ಸಂಜೆ ಶಾಲೆ ಬಿಟ್ಟ ಮೇಲೆ ಮಗಳನ್ನು ಇಟ್ಟುಕೊಳ್ಳಲು ಜಾಗವೆಲ್ಲಿ? ಹಿಂದಿನ ಸೀಟು. ಅಲ್ಲೇ ಹೋಂವರ್ಕು, ಅಲ್ಲೇ ತಿಂಡಿ, ಅಲ್ಲೇ ನಿದ್ದೆ. ಇವಳ ಬಾಲ್ಯವೆಲ್ಲ ಎರಡು ತಲೆಗಳ ಹಿಂಭಾಗ ನೋಡುತ್ತಾ ಕಳೆಯಿತು. ಒಂದು ತಲೆ ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಇನ್ನೊಂದು ಅಮ್ಮನದು, ಅದು ಯಾವಾಗಲೂ ಆ ಹೊಸ ತಲೆಯ ಕಡೆಗೇ ತಿರುಗಿರುತ್ತಿತ್ತು. "ಭಯ ಯಾಕೆ ತಾಯಿ, ನಾನಿಲ್ವಾ? ಕ್ಲಚ್ ನಿಧಾನಕ್ಕೆ ಬಿಡು. ಹಾಂ, ಅದೇ! ಭೇಷ್ ನನ್ನ ರಾಣಿ!" ರಾಣಿಯಂತೆ! ಮನೆಯಲ್ಲಿ ಹತ್ತೊಂಬತ್ತರ ಮಗ್ಗಿ ತಪ್ಪಿಲ್ಲದೆ ಒಪ್ಪಿಸಿದರೂ ಇವಳು ರಾಣಿಯಾದ ದಿನವಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಸಿದ್ದು ಚಪ್ಪಲಿ. ಕಲಿಯುವವಳಿಗೆ ಕೈ ಕುದುರಿತು ಅನ್ನಿಸಿದ ದಿನ ಅಮ್ಮ ಒಂದು ಮಾತೂ ಹೇಳದೆ ತನ್ನ ಚಪ್ಪಲಿ ಬಿಡುತ್ತಿದ್ದಳು. ಬಿಟ್ಟು, ಅದುವರೆಗೆ ಒಮ್ಮೆಯೂ ಒತ್ತದೆ ಬರೀ ಬ್ರೇಕಿನ ಮೇಲೆ ಇಟ್ಟುಕೊಂಡಿದ್ದ ಕಾಲು ತೆಗೆದು, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಿದ್ದಳು. "ಇನ್ನು ನಂಗೆ ಬ್ರೇಕಿಲ್ಲ. ನಿಂಗಿದೆ, ನೋಡ್ಕೋ." ಕಲಿಯುವವಳು ಬೆವರುತ್ತಿದ್ದಳು, ದೇವರನ್ನು ಕರೆಯುತ್ತಿದ್ದಳು, ಕಾರನ್ನು ಮನೆ ಮುಟ್ಟಿಸುತ್ತಿದ್ದಳು. ಇಳಿಯುವಾಗ ಅವಳ ಮುಖ ನೋಡಬೇಕಿತ್ತು. ಊರಿನ ಹೆಂಗಸರು ಅಂಗಡಿಯಲ್ಲಿ ಸಿಕ್ಕಿದರೆ ಅದನ್ನೇ ಲೆಕ್ಕ ಹಾಕುತ್ತಿದ್ದರು: "ನಂಗೆ ಆರನೇ ದಿನಕ್ಕೇ ಚಪ್ಪಲಿ ಬಿಟ್ರು, ನಿಂಗೆ?"

ಮಗಳಿಗೆ ಹದಿನೆಂಟು ತುಂಬಿತು. ಇನ್ನು ತನ್ನ ಸರದಿ ಎಂದು ಸ್ಟಿಯರಿಂಗಿನ ಮುಂದೆ ಕೂತಳು. ಕಲಿಯಲು ಬಾಕಿ ಏನಿತ್ತು? ಹಿಂದಿನ ಸೀಟಿನಲ್ಲಿ ಎಲ್ಲವನ್ನೂ ಅರೆದು ಕುಡಿದಿದ್ದಳು. ಜರ್ಕಿಲ್ಲದೆ ಕಾರು ಎತ್ತಿದಳು. ಇಪ್ಪತ್ತು ಹೆಜ್ಜೆ ಹೋಗಿತ್ತೋ ಇಲ್ಲವೋ, ಧಡ್! ಅಮ್ಮನ ಬ್ರೇಕು.

"ಯಾಕಮ್ಮಾ?"

"ನಾಯಿ."

ನಾಯಿ ಆಚೆ ಫುಟ್‌ಪಾತಿನ ಮೇಲೆ ಕಾಲು ಚಾಚಿ ಮಲಗಿತ್ತು. ಮುಂದೆ ಸೈಕಲ್ಲು, ಧಡ್. ಗಾಳಿಗೆ ಹಾರಿ ಬಂದ ಪೇಪರು, ಧಡ್. ಐದು ದಿನ, ಆರು ದಿನ, ಎಂಟು ದಿನ. ಮಗಳು ಕದ್ದು ಕೆಳಗೆ ನೋಡುತ್ತಿದ್ದಳು. ಚಪ್ಪಲಿ ಕಾಲಲ್ಲೇ, ಕಾಲು ಬ್ರೇಕಿನ ಮೇಲೇ. ಹನ್ನೊಂದನೆಯ ದಿನ ಸರ್ಕಲ್ಲಿನ ನಟ್ಟನಡುವೆ, ನಾಯಿಯೂ ಇಲ್ಲ ನರಪಿಳ್ಳೆಯೂ ಇಲ್ಲ, ಅಮ್ಮ ಮತ್ತೆ ಒತ್ತಿದಳು. ಹಿಂದಿನವರೆಲ್ಲ ಹಾರ್ನ್ ಬಡಿದು ಬೈದರು.

"ಈಗ ಯಾಕೆ?" ಎಂದು ಮಗಳು ಕಿರುಚಿದಳು. ಅಮ್ಮ ಇನ್ನೂ ಬ್ರೇಕನ್ನು ಒತ್ತಿಯೇ ಹಿಡಿದಿದ್ದಳು. ಮಗಳು ಬಾಗಿಲು ತೆಗೆದು, ಸರ್ಕಲ್ಲಿನಲ್ಲೇ ಇಳಿದು, ತಿರುಗಿ ನೋಡದೆ ಮನೆಗೆ ನಡೆದಳು.

ಆ ಸಂಜೆಯೇ ಲ್ಯಾಬಿನ ಕೆಲಸದ ಹುಡುಗಿಯೊಬ್ಬಳಿಗೆ ಅಮ್ಮ ನಾಲ್ಕನೇ ದಿನಕ್ಕೇ ಚಪ್ಪಲಿ ಬಿಟ್ಟಳು. ಕಾರು ಮನೆ ಮುಂದೆ ಹಾದು ಹೋದಾಗ, ಮಹಾರಾಣಿಯ ಹಾಗೆ ಚಕ್ಕಳಮಕ್ಕಳ ಹಾಕಿದ್ದ ಅಮ್ಮನನ್ನು ಮಗಳು ಕಿಟಕಿಯಿಂದ ನೋಡಿದಳು. ಬೀದಿಯಲ್ಲಿ ಹೋಗುವವರ ಮೇಲೆಲ್ಲ ನಂಬಿಕೆ, ಹೆತ್ತ ಮಗಳ ಮೇಲಿಲ್ಲ. ಅಂದಿನಿಂದ ಅವಳು ಸ್ಟಿಯರಿಂಗ್ ಮುಟ್ಟಲಿಲ್ಲ, ಅಮ್ಮ ಆ ಮಾತು ಎತ್ತಲಿಲ್ಲ.

ನಿಜ ಹೇಳಬೇಕೆಂದರೆ ಅಮ್ಮನ ಮೇಲೂ ಇವಳಿಗೆ ಹೊಟ್ಟೆಕಿಚ್ಚೇ. ಒಬ್ಬಳೇ ಸಿನಿಮಾಕ್ಕೆ ಹೋಗುವಳು, ಒಬ್ಬಳೇ ಹೋಟೆಲಿನಲ್ಲಿ ಕೂತು ಉಣ್ಣುವಳು, ಟಯರು ತಾನೇ ಬದಲಿಸುವಳು. ಲೈಸೆನ್ಸ್ ಇನ್ಸ್‌ಪೆಕ್ಟರೊಬ್ಬರು ಮದುವೆಯ ಮಾತು ತೆಗೆದರೆ, "ನಿಮಗೆ ರಿವರ್ಸ್ ಸರಿಯಾಗಿ ಬರಲ್ಲ ಸಾರ್" ಎಂದು ನಗಿಸಿ ಕಳಿಸಿದ್ದಳು. ಹಳೆಯ ಕಾರು ಗುಜರಿಗೆ ಹೋದಾಗಲೂ ಅವಳದೇ ಹಟ. ಕಲಿಸುವವರ ಕಡೆಗೆ ಹೊಸ ಬ್ರೇಕು ಹಾಕುತ್ತೇನೆಂದ ಮೆಕ್ಯಾನಿಕ್ಕಿಗೆ ಸೊಪ್ಪು ಹಾಕದೆ, ಹಳೆಯದನ್ನೇ ಬಿಚ್ಚಿಸಿ ಈ ಕಾರಿಗೆ ಕೂರಿಸಿದಳು. ಜಿಪುಣತನ ಎಂದುಕೊಂಡಿದ್ದಳು ಮಗಳು. ಇವಳೋ, ಕಿಟಕಿಗೆ ಪರದೆ ತರಬೇಕಾದರೂ ಗಂಡನನ್ನು ಕೇಳಿ, ನಾದಿನಿಯನ್ನು ಕೇಳಿ, ಕೊನೆಗೆ ತರದೆ ಸುಮ್ಮನಾಗುವವಳು. ಆ ಧೈರ್ಯದಲ್ಲಿ ಒಂದು ಚೂರಾದರೂ ತನಗೆ ಕೊಡಬಾರದಿತ್ತೇ? ಎಲ್ಲವನ್ನೂ ಊರಿಗೆ ಹಂಚಿ ಮುಗಿಸಿದಳು.

ಹಂಚಿದ್ದರಲ್ಲಿ ದೊಡ್ಡ ಪಾಲು ಈ ಬಸ್ಸಿನವಳದು. ಅಮ್ಮನ ಹತ್ತಿರ ಕಲಿತು ಸಿಟಿ ಬಸ್ ಓಡಿಸುವ ತನಕ ಹೋದವಳು. ಅಂಚೆ ಕಚೇರಿಗೆ ಹೋಗುವ ಒಂಬತ್ತರ ಬಸ್ಸು ಅವಳದೇ. ಅದಕ್ಕೇ ಮಗಳು ಎಷ್ಟೋ ವರ್ಷಗಳಿಂದ ಆ ಬಸ್ಸನ್ನು ಬಿಟ್ಟು ಒಂಬತ್ತೂಕಾಲಿನದನ್ನು ಹತ್ತುತ್ತಾಳೆ, ತಡವಾಗಿ ಹೋಗಿ ಪೋಸ್ಟ್‌ಮಾಸ್ಟರರ ಕೈಲಿ ಅನ್ನಿಸಿಕೊಳ್ಳುತ್ತಾಳೆ.

ಹತ್ತು ಗಂಟೆಗೆ ಸರಿಯಾಗಿ ಬೆಲ್ಲಾಯಿತು. ಗಟ್ಟಿಮುಟ್ಟಾದ ಆಳು, ಅಗಲ ಮುಖ. ಕೈಯಲ್ಲಿ ಸೇಬಿನ ಚೀಲ. ಎಂಟುನೂರು ಗ್ರಾಂ ಎಂದಿತು ಅದನ್ನು ತೆಗೆದುಕೊಂಡ, ಪಾರ್ಸೆಲ್ ತೂಗಿ ಪಳಗಿದ ಇವಳ ಕೈ.

"ಚೆನ್ನಾಗಿದೀರಾ ಅಕ್ಕಾ?"

ಯಾವಳೇ ನಿನಗೆ ಅಕ್ಕ, ಅಂದುಕೊಂಡಳು. ಬಾಯಲ್ಲಿ, "ಕೂತ್ಕೊಳ್ಳಿ. ಒಂದು ವಿಷಯ ಆಗಿದೆ. ಕೀಲಿ ಕಾಣ್ತಾ ಇಲ್ಲ. ಮನೆಯೆಲ್ಲ ಜಾಲಾಡಿದ್ದಾಯ್ತು," ಎಂದಳು.

ಪೇಪರಿನ ಹಿಂದಿನಿಂದ ಗಂಡ ಕೆಮ್ಮಿದ.

"ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊಂಡ್ರಿ?" ಬಸ್ಸಿನವಳು ಚೀಲಕ್ಕೆ ಕೈ ಹಾಕಿ ಇನ್ನೊಂದು ಕೀಲಿ ತೆಗೆದಳು. "ಮೇಡಂ ನಂಗೊಂದು ಕೊಟ್ಟಿದ್ರಲ್ಲ. ಹತ್ತು ವರ್ಷದಿಂದ ನನ್ನ ಹತ್ರಾನೇ ಇದೆ."

ಹತ್ತು ವರ್ಷ! ಮಗಳಿಗೆ ಮುಖಕ್ಕೆ ರಾಚಿದಂತಾಯಿತು. ತನ್ನ ಕೈಗೆ ಆ ಕಾರಿನ ಕೀಲಿ ಸಿಕ್ಕಿದ್ದು ಮೂರು ತಿಂಗಳ ಹಿಂದೆ, ಆಸ್ಪತ್ರೆಯವರು ಕೊಟ್ಟ ಸಾಮಾನಿನ ಜೊತೆ.

ಬಸ್ಸಿನವಳು ಹೊರಗೆ ಹೋಗಿ ಕಾರಿನ ಬಾಗಿಲು ತೆಗೆದಳು. ಇವಳೂ ಹಿಂದೆಯೇ ಹೋದಳು, ಏನು ಮುಟ್ಟುತ್ತಾಳೋ ನೋಡೋಣ ಎಂದು. ಅಮ್ಮನ ಸೀಟಿನ ಕೆಳಗೆ ಅಮ್ಮನ ಚಪ್ಪಲಿ ಹಾಗೇ ಇತ್ತು. ಅದನ್ನು ನೋಡಿ ಬಸ್ಸಿನವಳು ಕಣ್ಣೊರೆಸಿಕೊಂಡಳು. ನೀನೇನು ಅಳುವುದು, ಅನ್ನಿಸಿತು ಮಗಳಿಗೆ.

"ನಿಮಗೆ ಎಷ್ಟನೇ ದಿನಕ್ಕೆ ಬಿಟ್ಟಿದ್ಲು?" ಬಾಯಿ ತಡೆಯಲಿಲ್ಲ, ಕೇಳಿಯೇಬಿಟ್ಟಳು.

"ಚಪ್ಪಲಿನಾ? ಮೂರನೇ ದಿನಕ್ಕೆ."

ಮೂರು. ಲ್ಯಾಬಿನವಳಿಗಿಂತ ಒಂದು ದಿನ ಮುಂಚೆ.

"ಬಿಟ್ರು, ನಾನು ಹೋಗಿ ಶಾಲೆ ಕಾಂಪೌಂಡಿಗೆ ಗುದ್ದಿದೆ," ಎಂದು ನಕ್ಕಳು ಬಸ್ಸಿನವಳು. "ಮೇಡಂ ಕೂತ ಭಂಗಿ ಬದಲಾಯಿಸಲಿಲ್ಲ. 'ಆಯ್ತಾ? ಈಗ ಹಿಂದಕ್ಕೆ ತಗೋ' ಅಂದ್ರು. ನಂಗೆ ಸಿಟ್ಟು ನೆತ್ತಿಗೇರ್ತು. ನಾನು ಸತ್ರೂ ನೀವು ಕಾಲು ಇಳಿಸ್ತಿರಲಿಲ್ವಲ್ಲ, ನಿಮ್ಮ ಸ್ವಂತ ಮಗಳಾಗಿದ್ರೂ ಹೀಗೇ ಕೂತಿರ್ತಿದ್ರಾ ಅಂತ ಕೇಳಿಬಿಟ್ಟೆ."

ಮಗಳು ಕಾರಿನ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅದಕ್ಕೇನಂದ್ಲು?"

"ಮೊದಲು ಕಾರು ಹಿಂದಕ್ಕೆ ತೆಗೆಸಿದ್ರು. ಆಮೇಲೆ ಹೇಳಿದ್ರು. 'ಅವಳ ಪಕ್ಕ ಕೂತ್ರೆ ಚಪ್ಪಲಿ ಬಿಡೋಕೆ ನನ್ನ ಕೈಲಿ ಆಗ್ಲಿಲ್ಲ ಕಣೇ. ಹನ್ನೊಂದು ದಿನಾನೂ ಇವತ್ತು ಬಿಟ್ಟೇ ಬಿಡ್ತೀನಿ ಅಂತಲೇ ಮನೆಯಿಂದ ಹೊರಡ್ತಿದ್ದೆ. ಅವಳು ಸ್ಟಾರ್ಟ್ ಮಾಡಿದ ಕೂಡ್ಲೇ ಕಾಲು ಅಲ್ಲೇ ಅಂಟ್ಕೊಂಡುಬಿಡ್ತಿತ್ತು. ಅವಳು ಚೆನ್ನಾಗೇ ಓಡಿಸ್ತಿದ್ಲು. ಭಯ ನಂದು. ಊರಿಗೆಲ್ಲ ಟೀಚರಾದೆ, ಅವಳಿಗೆ ಬರೀ ಅಮ್ಮ ಆಗಿಬಿಟ್ಟೆ' ಅಂದ್ರು."

ಬೀದಿಯಲ್ಲಿ ಯಾರೋ ಸ್ಕೂಟರ್ ಒದೆಯುತ್ತಿದ್ದರು. ಅದು ಸ್ಟಾರ್ಟ್ ಆಗಿ ಹೋಯಿತು.

"ಆವತ್ತು ನಂಗೆ ಹೊಟ್ಟೆ ಉರಿದುಹೋಯ್ತು ಅಕ್ಕಾ," ಎಂದಳು ಬಸ್ಸಿನವಳು. "ನಮ್ಮಮ್ಮ ನಾನು ಹುಟ್ಟಿದ ವರ್ಷಾನೇ ಹೋದ್ಲು. ಇಷ್ಟು ವರ್ಷ ಆಯ್ತು, ನಂಗೋಸ್ಕರ ಹೆದರಿ ಒಂದು ಸಲ ಬ್ರೇಕ್ ಒತ್ತಿದವರಿಲ್ಲ. ನಿಮ್ಮನ್ನ ಬಸ್ ಸ್ಟಾಪಲ್ಲಿ ಕಂಡಾಗಲೆಲ್ಲ ಅದೇ ನೆನಪಾಗೋದು. ನೀವು ನನ್ನ ಬಸ್ ಹತ್ತದೇ ಇರೋದನ್ನ ಕಂಡು, ಸದ್ಯ, ಬದುಕಿದೆ ಅಂದ್ಕೊತಿದ್ದೆ."

ಮಗಳ ಮನಸ್ಸು ಕರಗಿತೇ? ಎಲ್ಲಿಯ ಮಾತು! ಮೊದಲು ಬಂದದ್ದು ಹಳೆಯ ಉರಿಯೇ. ಈ ಮಾತನ್ನೂ ಇವಳಿಗೇ ಹೇಳಿದಳಲ್ಲ ಅಮ್ಮ! ತನಗೆ ಹೇಳಲಿಲ್ಲ. ಇಪ್ಪತ್ತೆಂಟು ವರ್ಷ ಒಂದೇ ಮನೆಗೆ ಬಂದು ಹೋಗುತ್ತಾ, ಒಂದೇ ಮೇಜಿನಲ್ಲಿ ಕಾಫಿ ಕುಡಿಯುತ್ತಾ, ಇದನ್ನು ಕಾಂಪೌಂಡಿಗೆ ಗುದ್ದಿದವಳ ಮುಂದೆ ಆಡಿದಳು. ಅಳು ಬಂತು, ಸಿಟ್ಟೂ ಬಂತು. ಬಗ್ಗಿ ಆ ಬ್ರೇಕನ್ನು ನೋಡಿದಳು. ಅಂಗೈಯಗಲದ ಕಬ್ಬಿಣ, ಮೇಲೆ ಕರಿ ರಬ್ಬರು. ಒತ್ತಿ ಸವೆಸಿದವರಿಲ್ಲದೆ ರಬ್ಬರಿನ ಗೆರೆಗಳು ಇನ್ನೂ ಅಳಿಸಿರಲಿಲ್ಲ.

"ನಿಂಗೆ ಒಂದು ಸಲಾನೂ ಒತ್ತಲಿಲ್ಲ ತಾನೇ?" ನೀವು ಹೋಗಿ ನೀನು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ.

"ಇಲ್ಲ."

"ಹಾಗಾದ್ರೆ ಇದನ್ನ ಬಿಚ್ಚಿಕೊಡು. ಕಾರು ನಿಂದು, ತಗೊಂಡು ಹೋಗು. ಇದು ನಂದು."

"ಅಕ್ಕಾ, ಇದಿಲ್ದೆ ಸ್ಕೂಲ್ ನಡೆಸೋಕೆ ಬಿಡಲ್ಲ."

"ಹೊಸದು ಹಾಕಿಸ್ಕೋ."

"ಮೇಡಂ ನಂಗೆ ಇಡೀ ಕಾರು ಅಂತ..." ಬಸ್ಸಿನವಳ ದನಿಯೂ ಏರಿತು. ಆ ಅಗಲ ಮುಖದಲ್ಲಿ ಒಂದು ಗಳಿಗೆ ಹಾದುಹೋದದ್ದೇನು ಎಂದು ಮಗಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕನ್ನಡಿಯಲ್ಲಿ ದಿನವೂ ನೋಡಿ ಗುರುತಿತ್ತು. ಬಸ್ಸಿನವಳು ಆ ಬ್ರೇಕನ್ನೂ ಇವಳನ್ನೂ ನೋಡಿದಳು. ಆಮೇಲೆ ಡಿಕ್ಕಿ ತೆಗೆದು ಸ್ಪ್ಯಾನರ್ ತಂದಳು.

ಎರಡು ಬೋಲ್ಟು, ಒಂದು ಸರಳು. ತುಕ್ಕು ಹಿಡಿದಿತ್ತು. ಇಬ್ಬರೂ ಸೇರಿ ತಿರುಗಿಸಬೇಕಾಯಿತು. ಬಿಚ್ಚಿದ ಮೇಲೆ ಬಸ್ಸಿನವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಚಪ್ಪಲಿಯನ್ನು ಮಗಳು ತೆಗೆದುಕೊಳ್ಳಲಿಲ್ಲ. "ಅದು ನಿಮ್ಮಗಳದೇ, ಇಟ್ಕೋ," ಎಂದಳು. ಒಳಗೆ ಹೋಗಿ ಸಕ್ಕರೆ ಡಬ್ಬಿಯಿಂದ ಕೀಲಿ ತೆಗೆದು ತಂದು ಅದನ್ನೂ ಕೊಟ್ಟಳು. ಕೀಲಿಗೆ ಅಂಟಿದ್ದ ಸಕ್ಕರೆಯನ್ನು ಬಸ್ಸಿನವಳು ನೋಡಿದಳು, ಬೆರಳಿನಿಂದ ಒರೆಸಿ ಕೀಲಿಯನ್ನು ಚೀಲಕ್ಕೆ ಹಾಕಿಕೊಂಡಳು.

ಕಾರು ತಿರುವಿನಲ್ಲಿ ಮರೆಯಾದ ಮೇಲೆ ಮಗಳು ಬ್ರೇಕನ್ನು ತಂದು ಹಜಾರದ ನೆಲದ ಮೇಲಿಟ್ಟು, ಕೈಯ ಗ್ರೀಸು ತೊಳೆಯಲು ಒಳಗೆ ಹೋದಳು. ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳ ಕೈ ಒಂದು ವಸ್ತುವಿನ ತೂಕ ಹೇಳಿರಲಿಲ್ಲ.

ಹೊರಗೆ ಬರುವಷ್ಟರಲ್ಲಿ ಗಂಡ ಕುರ್ಚಿಯನ್ನು ಮುಂದಕ್ಕೆಳೆದು, ತಮಾಷೆಗೆ, ಅದರ ಮೇಲೆ ಕಾಲಿಟ್ಟು ಒತ್ತಲು ಹೊರಟಿದ್ದ.

"ಕಾಲು ತೆಗೀರಿ!" ಅವಳು ಕಿರುಚಿದ ರಭಸಕ್ಕೆ ಅವನ ಕೈಯಿಂದ ಪೇಪರು ಬಿತ್ತು. "ಅದನ್ನ ಯಾರೂ ಒತ್ತೋ ಹಾಗಿಲ್ಲ. ಅಮ್ಮ ನಂಗೆ ಅಂತ ಒತ್ತಿದ್ದು ಅದು, ನಂಗೊಬ್ಬಳಿಗೇ."