ಹಳೆಯದು ಮುಂದೆ, ಹೊಸದು ಹಿಂದೆ

ಹಾಲಿನ ಫ್ರಿಜ್ಜಿನ ಬಾಗಿಲು ಚಪ್ಪೆಂದು ಬಿಟ್ಟುಕೊಂಡ ಸದ್ದು, ಹಾಗಾದರೆ ಅಕ್ಕ ಬಂದಿದ್ದಾಳೆ, ಬಂದವಳು ಇತ್ತ ತಿರುಗಿಯೂ ನೋಡದೆ ನೆಟ್ಟಗೆ ಅಲ್ಲಿಗೇ ಹೋಗಿದ್ದಾಳೆ — ನೋಡುವುದಕ್ಕಾದರೂ ಏನಿದೆ, ನಿನ್ನೆಯವರೆಗೆ ಅವಳ ಪಕ್ಕದಲ್ಲಿ ನೀಲಿ ಕೋಟು ತೊಟ್ಟು ಅಂಗಡಿಯ ಬಿಲ್ಲು ಹಾಕುತ್ತಿದ್ದ ಇವಳು ಇವತ್ತು ಮೇಲ್ವಿಚಾರಕಿಯ ಕೆಂಪು ಕೋಟಿನಲ್ಲಿ, ಕೊರಳ ದಾರದ ಹೆಸರಿನ ಬಿಲ್ಲೆಯನ್ನು ತಿರುವುತ್ತ ಕಂಬದ ಹಾಗೆ ನಿಂತಿದ್ದಾಳೆ, ಅಷ್ಟೇ. ತೋಳು ಉದ್ದ, ಹೆಗಲು ಸಡಿಲ. ಈ ಕೋಟು ಅಕ್ಕನ ಅಳತೆಯದು, ಅಂಗೈ ಹುಣ್ಣಿಗೆ ಕನ್ನಡಿ ಬೇಕೇ, ಅಂಗಡಿ ತೆರೆದ ಮೊದಲ ದಿನದಿಂದ ಇದ್ದವಳು ಅವಳು, ಆದರೂ ಕೇಂದ್ರ ಕಚೇರಿಯ ಸಾಹೇಬರು ಬಂದು, ಎಲ್ಲ ಶಾಖೆಗಳಲ್ಲೂ ಹೊಸ ಮುಖ ಬೇಕು ಎಂದು ಕೋಟನ್ನು ಇವಳ ಕೈಗಿತ್ತು ಹೋದರು, ಅಕ್ಕನೂ ಎಲ್ಲರ ಜೊತೆ ಚಪ್ಪಾಳೆ ತಟ್ಟಿದಳು, ಮೆಲ್ಲಗೆ ತಟ್ಟಿದಳೋ ಏನೋ. ಆಮೇಲೆ ತರಕಾರಿ ತೂಗುವವನು ಕಿವಿಯಲ್ಲಿ ಊದಿದ, ಅಕ್ಕ ನದಿಯಾಚೆ ಶಾಖೆಗೆ ವರ್ಗ ಕೇಳ್ತಾಳಂತೆ. ಕೇಳಲಿ ಎಂದುಕೊಳ್ಳಲೂ ಆಗುತ್ತಿಲ್ಲ, ಅಕ್ಕ ಇಲ್ಲದ ಅಂಗಡಿಯಲ್ಲಿ ಈ ಕೋಟು ತೊಟ್ಟುಕೊಂಡು ಮಾಡುವುದೇನು, ಅವಳಿಲ್ಲದಿದ್ದರೆ ತಾನು ಮೊದಲ ವಾರವೇ ಓಡಿಹೋಗುತ್ತಿದ್ದವಳು — ಹೊಸ ಹಾಲನ್ನೆಲ್ಲ ಮುಂದೆ ಜೋಡಿಸಿ, ಎಷ್ಟು ಚೆನ್ನಾಗಿದೆ ನೋಡಿ ಎಂದು ಹಲ್ಲು ಕಿರಿದು ನಿಂತಿದ್ದಳಲ್ಲ, ಅಕ್ಕ ಬೈಯಲಿಲ್ಲ, ಕೋಟಿನ ತೋಳು ಮಡಚಿ ಫ್ರಿಜ್ಜಿನೊಳಗೆ ಹೆಗಲವರೆಗೆ ಕೈ ತೂರಿಸಿದಳು, ಹಳೇದು ಮುಂದೆ, ಹೊಸದು ಹಿಂದೆ ಕಣೇ, ಇಲ್ಲದಿದ್ರೆ ಹಿಂದಿರೋದು ಅಲ್ಲೇ ಕೆಟ್ಟುಹೋಗುತ್ತೆ, ಹೇಳುತ್ತಲೇ ಒಂದೊಂದು ಬಾಟಲಿಯನ್ನೂ ಮುಂದಕ್ಕೆಳೆದು, ಎರಡೇ ಬೆರಳು, ಚೂರು ತಿರುವು, ಹೆಸರು ಮುಂದೆ ಬರ್ಬೇಕು, ತಗೊಳ್ಳೋರ ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಕು ಅದು. ಮರುಗಳಿಗೆಯೇ ಒಬ್ಬ ಮುದುಕ ಹಿಂದಿನ ಸಾಲಿಗೇ ಕೈ ಹಾಕಿ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿ, ಅಕ್ಕ ನಕ್ಕಳು, ಮೊಮ್ಮಗು ಕುಡಿಯೋ ಹಾಲು, ಹುಡುಕ್ಲಿ ಬಿಡು.

ಎಂಥ ಹೆಂಗಸು. ಬಿಲ್ಲಿನ ಯಂತ್ರ ಕೈಕೊಟ್ಟ ದಿನ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಸಾಲಿನವರೆಲ್ಲ ಇವಳ ಮೇಲೆ ಹರಿಹಾಯುವಾಗ, ಅಕ್ಕ ಸಾಲಿನಲ್ಲಿದ್ದ ಬಸುರಿಗೆ ಕುರ್ಚಿ ತಂದಿಟ್ಟು, ಅಳುವ ಮಗುವಿಗೆ ಖಾಲಿ ಡಬ್ಬ ಕೊಟ್ಟು, ಎಲ್ಲರಿಗಿಂತ ಜೋರಾಗಿ ಬೈಯುತ್ತಿದ್ದವನನ್ನೇ ಚೀಲ ತುಂಬಲು ಹಚ್ಚಿದಳು, ಅವನೂ ತುಂಬಿದ! ಇವಳ ಕಾಲು ಊದುತ್ತದೆ, ರಜೆಯ ದಿನವೇ ಕರೆ ಬರುತ್ತದೆ, ಆದರೂ ಈ ಕೆಲಸ ಇವಳ ಮೈಗೂ ಹತ್ತಿಬಿಟ್ಟಿದೆ, ತಂಗಿಯ ಮದುವೆಯಲ್ಲಿ ಉಡುಗೊರೆ ಕೊಡುತ್ತ ಚೀಲ ಬೇಕಾ ಮೇಡಂ ಎಂದುಬಿಟ್ಟಳು, ಗಂಡ ಇಂದಿಗೂ ಆಡಿಕೊಳ್ಳುತ್ತಾನೆ, ಅತ್ತೆಯ ಔಷಧಿ ಸೀಸೆಗಳನ್ನೂ ಇಡುವುದು ಹೆಸರು ಮುಂದಾಗಿಯೇ, ಎರಡು ಬೆರಳು, ಚೂರು ತಿರುವು. ಎಲ್ಲ ಅಕ್ಕ ಕಲಿಸಿದ್ದು. ಈಗ ಸಾಹೇಬರು ಹೊಸದನ್ನು ಮುಂದಿಟ್ಟು ಹೋಗಿದ್ದಾರೆ, ಇದನ್ನು ಮತ್ತೆ ಜೋಡಿಸುವವರು ಯಾರು. ಹೋಗಬೇಡ ಅನ್ನಲೇ, ಯಾವ ಬಾಯಲ್ಲಿ ಅನ್ನಲಿ, ಶಟರಿನ ಕೆಳಗೆ ಗಿರಾಕಿಗಳ ಕಾಲುಗಳು ಸೇರುತ್ತಿವೆ, ಹೆಜ್ಜೆ ಸದ್ದು, ಅಕ್ಕ ಬರುತ್ತಿದ್ದಾಳೆ, ಎದುರಿಗೇ ನಿಂತಿದ್ದಾಳೆ, ಮುಖದಲ್ಲಿ ನಗುವಿಲ್ಲ, ಈಗ ಹೇಳುತ್ತಾಳೆ, ಹೊರಟೆ ಅನ್ನುತ್ತಾಳೆ — ಏನೇ ಇದು, ಬಿಲ್ಲೆ ಹಿಂದುಮುಂದಾಗಿದೆ, ದೊಡ್ಡ ಮೇಲ್ವಿಚಾರಕಿ ಅಂತೆ, ಇರು, ಹಾಂ, ಈಗ ಸರಿ, ನಾಳೆ ಹಾಲು ಬೇಗ ಬರುತ್ತಂತೆ, ನಾನೇ ಇದ್ದು ಇಳಿಸ್ಕೊಳ್ತೀನಿ, ನಾಳೆ ಮಾತ್ರ ಅಲ್ಲ, ದಿನಾನೂ, ಅಳ್ಬೇಡ, ಶಟರ್ ಎತ್ತು. ಶಟರ್ ಏಳುತ್ತಿದೆ, ಬೆಳಕು, ಜನ, ಬನ್ನಿ ಬನ್ನಿ ಎನ್ನಬೇಕು, ಕೈ ಮಾತ್ರ ಬಿಲ್ಲೆಗೇ ಹೋಗುತ್ತಿದೆ, ಅದರ ಮೇಲೆ ಇನ್ನೂ ಅಕ್ಕನ ಬೆರಳಿಂದ ಹತ್ತಿದ ಫ್ರಿಜ್ಜಿನ ತಣ್ಣನೆಯ ತೇವ, ಎರಡು ಬೆರಳು, ಚೂರು ತಿರುವು, ಎರಡು ಬೆರಳು